ಪಲ್ಟನಿನ ತಪ್ಪು ಕಾಣಿಕೆ

ನಮ್ಮ ಕಡೆ ಒಂದು ಕುಟುಂಬಕ್ಕೆ ಮೇಲಿಂದ ಮೇಲೆ ತೊಂದರೆ ಬಂದರೆ ಪ್ರಶ್ನೆ ಇಡುತ್ತಾರೆ. ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ದಾರಿಯ ನಮ್ಮ ಸಿದ್ಧಕಟ್ಟೆಯಲ್ಲೂ, ಆಚೆ ವೇಣೂರಿನಲ್ಲೂ, ಬೆಳ್ತಂಗಡಿಯ ಹಳ್ಳಿಗಳಲ್ಲೂ ಇದು ಹೊಸತಲ್ಲ. ಜೋಯಿಸರು ಕವಡೆ ಸರಿಸಿ ಹೇಳುವುದರಲ್ಲಿ ಹೆಚ್ಚಿನದು ಈಗ ಬದುಕಿರುವವರ ವಿಷಯವಾಗಿರುವುದಿಲ್ಲ. ಅಜ್ಜಿಯ ಸೋದರಮಾವ ಯಾರದೋ ಗದ್ದೆ ಒಳಗೆ ಹಾಕಿಕೊಂಡದ್ದು, ನಂಬಿದ ದೈವದ ನೇಮ ನಿಂತುಹೋದದ್ದು, ಹೆಣ್ಣೊಬ್ಬಳ ಕಣ್ಣೀರು ಅಂಗಳಕ್ಕೆ ಬಿದ್ದದ್ದು, ಹೀಗೆ. ನಮ್ಮ ಕುಟುಂಬದ ಮನೆಯಲ್ಲಿ ಕಂಡುಬಂದದ್ದು ಒಂದು ಸಾವು. ಐದಾರು ತಲೆಮಾರಿನ ಹಿಂದೆ ಮಳೆಗಾಲದ ರಾತ್ರಿ ಆಶ್ರಯ ಕೇಳಿ ಬಂದವನೊಬ್ಬನನ್ನು ನಮ್ಮವರು ಅಂಗಳದಿಂದ ಹೊರಗೆ ಹಾಕಿದ್ದಾರೆ. ಅವನು ಗುಡ್ಡೆಯಲ್ಲಿ ಸತ್ತಿದ್ದಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನಿಗೆ ಒಂದು ಕಲ್ಲು ಹಾಕಬೇಕು, ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಬೇಕು, ದೈವದ ಎದುರು ಕುಟುಂಬದವರೆಲ್ಲ ಸೇರಿ ತಪ್ಪು ಕಾಣಿಕೆ ಇಡಬೇಕು ಎಂದಾಯಿತು.

ಮುಂಬಯಿಯಲ್ಲಿದ್ದವರು ದುಡ್ಡು ಕಳಿಸಿದರು, ಗಲ್ಫಿನಲ್ಲಿದ್ದವರು ಕಳಿಸಿದರು. ನಾನು ಆಗ ಮದ್ರಾಸ್ ರೆಜಿಮೆಂಟಿನ ಒಂದು ಪಲ್ಟನಿನಲ್ಲಿ ಕಾಶ್ಮೀರದಲ್ಲಿದ್ದೆ. ನನ್ನ ಪಾಲನ್ನು ಅಲ್ಲಿಂದಲೇ ಮನಿಯಾರ್ಡರ್ ಮಾಡಿದೆ. ಯಾವನೋ ಮಾಡಿದ ತಪ್ಪಿಗೆ ನಾವೇಕೆ ಕೊಡಬೇಕು ಎಂದು ಕುಟುಂಬದಲ್ಲಿ ಒಬ್ಬರೂ ಕೇಳಲಿಲ್ಲ. ಕುಟುಂಬದ ಜಾಗದಲ್ಲಿ ಅವರವರ ಪಾಲಿನ ಅಡಿಕೆ ತೆಗೆಯುತ್ತಿದ್ದವರು ಅದನ್ನು ಕೇಳುವುದಾದರೂ ಹೇಗೆ? ಆ ಮನಿಯಾರ್ಡರ್ ಫಾರ್ಮ್ ತುಂಬುತ್ತಿದ್ದಾಗ ನನ್ನ ತಲೆಗೆ ಹೊಕ್ಕ ಪ್ರಶ್ನೆ ನಿವೃತ್ತನಾಗಿ ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ನಾನು ಇನ್ನೊಂದು ಕುಟುಂಬಕ್ಕೂ ಸೇರಿದವನು. ಅದು 1758ರಿಂದ ಲೆಕ್ಕ ಹಿಡಿಯುವ ಕುಟುಂಬ, ಭಾರತದ ಸೇನೆಯಲ್ಲೇ ಅತಿ ಹಳೆಯ ಕಾಲಾಳು ರೆಜಿಮೆಂಟ್ ಎಂದು ಹೆಸರಾದದ್ದು. ಅದರ ಅನ್ನ ಉಂಡಿದ್ದೇನೆ, ಅದರ ಹೆಸರು ಹೇಳಿ ಎದೆ ಉಬ್ಬಿಸಿದ್ದೇನೆ, ಈಗಲೂ ಅದರ ಪೆನ್ಶನ್ ಉಣ್ಣುತ್ತಿದ್ದೇನೆ. ಆ ಕುಟುಂಬದ ಹಿಂದಿನವರು ಮಾಡಿದ್ದರಲ್ಲಿ ನನ್ನ ಪಾಲು ಎಷ್ಟು?

ಸೇನೆಯ ಬಗ್ಗೆ ತಿಳಿಯದವರಿಗೆ ಇದು ವಿಚಿತ್ರ ಪ್ರಶ್ನೆಯಂತೆ ಕಾಣಬಹುದು. ಸರಕಾರಿ ಕೆಲಸ, ಸಂಬಳ, ರಜೆ, ನಿವೃತ್ತಿ, ಅಷ್ಟೇ ಅಲ್ಲವೇ ಎನ್ನುತ್ತಾರೆ. ಹಾಗಲ್ಲ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ರೆಜಿಮೆಂಟಲ್ ಸೆಂಟರಿಗೆ ಹೋದ ಹುಡುಗನಿಗೆ ರೈಫಲ್ ಹಿಡಿಯುವುದನ್ನು ಕಲಿಸುವ ಜೊತೆಜೊತೆಗೇ ರೆಜಿಮೆಂಟಿನ ಚರಿತ್ರೆಯನ್ನೂ ಕಲಿಸುತ್ತಾರೆ. ಉಸ್ತಾದ್ ಕೇಳಿದಾಗ ನಿದ್ದೆಗಣ್ಣಿನಲ್ಲೂ ಹೇಳಬೇಕು. ನಮ್ಮ ಬ್ಯಾಡ್ಜಿನ ಮೇಲಿರುವ ಆನೆ ಎಲ್ಲಿಯದು? ಅಸ್ಸಾಯೆಯದು. ಯಾವಾಗ? 1803ರ ಸೆಪ್ಟೆಂಬರ್ 23. ನಾಮ್, ನಮಕ್, ನಿಶಾನ್ ಎಂದು ಸೇನೆಯಲ್ಲಿ ಮೂರು ಮಾತು ಹೇಳುತ್ತಾರೆ: ಪಲ್ಟನಿನ ಹೆಸರು, ಉಂಡ ಉಪ್ಪು, ಎತ್ತಿ ಹಿಡಿದ ನಿಶಾನೆ. ಮೂರೂ ನಮಗಿಂತ ಮೊದಲಿನಿಂದ ಇದ್ದವು, ನಮ್ಮ ನಂತರವೂ ಇರುವವು. ಕೊನೆಗೆ ಕಸಮ್ ಪರೇಡ್. ಗೀತೆ, ಕುರಾನು, ಬೈಬಲುಗಳನ್ನು ಇಟ್ಟು, ಅವರವರ ಗ್ರಂಥದ ಮೇಲೆ ಪ್ರಮಾಣ: ನೆಲ, ನೀರು, ಆಕಾಶ ಯಾವ ದಾರಿಯಿಂದ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಾದರೂ ಆಜ್ಞೆ ಪಾಲಿಸುತ್ತೇನೆ ಎಂದು. ಆ ದಿನ ನನ್ನ ಪಕ್ಕ ನಿಂತವನು ಕೊಲ್ಲಂನ ಕ್ರಿಶ್ಚಿಯನ್ ಹುಡುಗ, ಹಿಂದೆ ಕಡಪದ ಮುಸ್ಲಿಂ ಹುಡುಗ. ಅಲ್ಲಿಂದ ಮುಂದೆ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಎಂಬ ಕೂಗು ಮೂವರಿಗೂ ಒಂದೇ.

ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯ ಮೂರನೇ ಅಧ್ಯಾಯದಿಂದ ಬಂದದ್ದು: ಸ್ವಧರ್ಮದಲ್ಲಿದ್ದು ಸಾಯುವುದು ಮೇಲು ಎಂಬ ಅರ್ಥದ್ದು. ಆದರೆ ನನ್ನ ಸ್ವಧರ್ಮ ಯಾವುದು, ಅದನ್ನು ಗೊತ್ತುಮಾಡಿದವರು ಯಾರು? ಹುಟ್ಟಿನಿಂದ ಬಂದದ್ದು ಎಂದರೆ ಚರಿತ್ರೆ ಒಪ್ಪುವುದಿಲ್ಲ. ಲಾರ್ಡ್ ರಾಬರ್ಟ್ಸ್ 1881ರಿಂದ 1885ರವರೆಗೆ ಮದರಾಸು ಸೇನೆಯ ಸೇನಾಪತಿಯಾಗಿದ್ದ, ಆಮೇಲೆ ಇಡೀ ಭಾರತದ ಸೇನಾಪತಿಯಾದ. ಭಾರತದಲ್ಲಿ ಕೆಲವು ಜಾತಿ ಜನಾಂಗಗಳಿಗೆ ಮಾತ್ರ ಯುದ್ಧ ರಕ್ತಗತ, ತೆಂಕಣದವರು ಅದಕ್ಕೆ ಹೇಳಿದವರಲ್ಲ ಎಂಬ ನಂಬಿಕೆ ಅವನದು. ಮದರಾಸಿನ ಪಲ್ಟನುಗಳು ಒಂದೊಂದಾಗಿ ಕರಗಿದವು. ಉಳಿದವನ್ನೂ 1923 ಮತ್ತು 1928ರ ನಡುವೆ ಖರ್ಚು ಉಳಿಸಲೆಂದು ವಿಸರ್ಜಿಸಿದರು. ಎರಡನೇ ಮಹಾಯುದ್ಧಕ್ಕೆ ಜನ ಬೇಕಾದಾಗ, 1941ರಲ್ಲಿ, ಅದೇ ತೆಂಕಣದವರಿಗೆ ಮತ್ತೆ ಬಂದೂಕು ಕೊಟ್ಟರು. ಒಂದು ಕಾಗದದಿಂದ ಹೋಗಿ ಇನ್ನೊಂದು ಕಾಗದದಿಂದ ಬರುವುದನ್ನು ರಕ್ತದಲ್ಲಿ ಇದ್ದದ್ದು ಎಂದು ನಾನು ನಂಬಲಾರೆ. ಪಿಯುಸಿ ಮುಗಿಸಿ, ಮನೆಯಲ್ಲಿ ಅಮ್ಮ ಬೀಡಿ ಕಟ್ಟುವುದನ್ನು ನೋಡಲಾರದೆ ಮಂಗಳೂರಿನ ಭರ್ತಿ ಮೈದಾನದಲ್ಲಿ ಓಡಿದವನು ನಾನು. ನನಗೆ ಸ್ವಧರ್ಮ ಬಂದದ್ದು ಪ್ರಮಾಣದಿಂದ, ಉಂಡ ಅನ್ನದಿಂದ.

ತುಳುನಾಡಿನವನಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಮ್ಮಲ್ಲಿ ಎಷ್ಟೋ ಸಮುದಾಯಗಳಲ್ಲಿ ಮನೆಯೂ ಭೂಮಿಯೂ ದೈವದ ಹೊಣೆಯೂ ಅಪ್ಪನಿಂದ ಮಗನಿಗೆ ಬರುತ್ತಿರಲಿಲ್ಲ, ಮಾವನಿಂದ ಅಳಿಯನಿಗೆ ಬರುತ್ತಿತ್ತು. ಅಳಿಯಕಟ್ಟು ಕಾನೂನಿನಲ್ಲಿ ಹೋದರೂ ದೈವಸ್ಥಾನದ ಗಡಿ ಹಿಡಿಯುವಲ್ಲಿ ಇನ್ನೂ ಉಂಟು. ಯಾರು ಯಾರಿಗೆ ಹುಟ್ಟಿದರು ಎಂಬುದಕ್ಕಿಂತ ಯಾರು ಯಾವ ಮನೆಯ ಹೊಣೆಗೆ ಕೈ ಚಾಚಿದರು ಎಂಬುದು ಅಲ್ಲಿ ದೊಡ್ಡದು. ಹಾಗಾಗಿ ಪಲ್ಟನ್ ಒಂದು ಕುಟುಂಬವೆಂದು ನಾನು ಹೇಳುವಾಗ ಉಪಚಾರಕ್ಕೆ ಹೇಳುತ್ತಿಲ್ಲ. ಅಳಿಯ ಮಾವನ ಮನೆಗೆ ಸೇರುವ ಹಾಗೆಯೇ ನಾನು ಅದಕ್ಕೆ ಸೇರಿದೆ.

ಹಾಗೆ ಸೇರಿದವನಿಗೆ ಬರುವ ಆಸ್ತಿಯಲ್ಲಿ ಏನೇನಿದೆ ಎಂದು ಪೂರ್ತಿ ಗೊತ್ತಾದದ್ದು ವೆಲ್ಲೂರಿನಲ್ಲಿ.

ಅಣ್ಣನ ಚಿಕಿತ್ಸೆಗೆಂದು ಅಲ್ಲಿ ಉಳಿಯಬೇಕಾಗಿತ್ತು. ನಮ್ಮ ಜಿಲ್ಲೆಯ ಬಹಳ ಮನೆಗಳಿಗೆ ವೆಲ್ಲೂರು ಎಂದರೆ ಆಸ್ಪತ್ರೆಯೇ. ಸಂಜೆ ಹೊತ್ತು ಕೋಟೆಗೆ ಹೋಗುತ್ತಿದ್ದೆ. ಅಗಲವಾದ ಕಂದಕ, ಕಲ್ಲಿನ ಗೋಡೆ, ಒಳಗೆ ಮಸೀದಿ, ಇಗರ್ಜಿ, ಜಲಕಂಠೇಶ್ವರ ದೇವಸ್ಥಾನ. ನೂರಾರು ವರ್ಷ ದೇವರಿಲ್ಲದೆ ಬರಿದಾಗಿದ್ದ ಆ ಗುಡಿಗೆ 1981ರಲ್ಲಿ ಲಿಂಗ ಮತ್ತೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟದ್ದು ಇದೇ ಕೋಟೆಯಲ್ಲಿ. ಅದೇ ವರ್ಷವೇ ನಮ್ಮ ಕೆನರಾ ಜಿಲ್ಲೆಯೂ ಕಂಪೆನಿಯ ಕೈಗೆ ಹೋದದ್ದು.

1805ರ ಕೊನೆಯಲ್ಲಿ ಮದರಾಸು ಸೇನೆಯ ಸೇನಾಪತಿ ಸರ್ ಜಾನ್ ಕ್ರಾಡಕ್ ಸಿಪಾಯಿಗಳ ವೇಷದ ಬಗ್ಗೆ ಹೊಸ ಅಪ್ಪಣೆ ಹೊರಡಿಸಿದ. ಹಣೆಗೆ ನಾಮ ವಿಭೂತಿ ಹಚ್ಚಬಾರದು, ಗಡ್ಡ ಬೋಳಿಸಬೇಕು, ಕಿವಿಯ ಒಂಟಿ ತೆಗೆಯಬೇಕು. ಹಳೆಯ ಮುಂಡಾಸಿನ ಬದಲು ತೊಗಲಿನ ಗೊಂಡೆಯಿದ್ದ, ಪರಂಗಿಯವರ ಟೋಪಿಯಂತೆ ಕಾಣುವ ಹೊಸ ಮುಂಡಾಸು ಇಡಬೇಕು. ಒಪ್ಪದವರಲ್ಲಿ ಒಬ್ಬ ಹಿಂದೂ, ಒಬ್ಬ ಮುಸಲ್ಮಾನನನ್ನು ಮದರಾಸಿನ ಕೋಟೆಗೆ ಒಯ್ದು ಚಾಟಿಯಲ್ಲಿ ಹೊಡೆದರು. ಮುಸ್ತಫಾ ಬೇಗ್ ಎಂಬ ಸಿಪಾಯಿ, ಒಳಗೆ ಬೆಂಕಿ ಕಾಯುತ್ತಿದೆ ಎಂದು ಮೇಲಿನವರಿಗೆ ಮೊದಲೇ ಹೇಳಿದರೆ, ಅವನನ್ನೇ ಹಿಡಿದಿಟ್ಟರು. 1806ರ ಜುಲೈ 10ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಮದರಾಸು ಸೇನೆಯ ಮೂರು ಪಲ್ಟನುಗಳ ಸಿಪಾಯಿಗಳು ಎದ್ದರು.

ಕೋಟೆಯಲ್ಲಿ ಆಗ ಇದ್ದ ಬ್ರಿಟಿಷ್ ಕಾಲಾಳು 69ನೇ ರೆಜಿಮೆಂಟಿನವರು. ಮಲಗಿದ್ದವರ ಬರಾಕಿನೊಳಕ್ಕೆ ಕಿಟಕಿಗಳಿಂದ ಗುಂಡು ಹಾರಿಸಿದರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಕೋಟೆಯ ಅಧಿಕಾರಿ ಕರ್ನಲ್ ಫ್ಯಾನ್ಕೋರ್ಟ್ ಸತ್ತ. 69ನೆಯವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೋಟೆಯ ಮೇಲೆ ಟಿಪ್ಪುವಿನ ನಿಶಾನೆ ಏರಿತು. ಆದರೆ ಗೆದ್ದೆವೆಂದು ತಿಳಿದ ಹಲವರು ಬಾಗಿಲು ಭದ್ರಮಾಡುವುದು ಬಿಟ್ಟು ಲೂಟಿಗೆ ಹೋದರು. ಬೆಳಗಾದ ಮೇಲೆ ಆರ್ಕಾಟಿನಿಂದ ರೋಲೋ ಗಿಲೆಸ್ಪಿ 19ನೇ ಡ್ರಾಗೂನ್ ಕುದುರೆ ಪಡೆಯೊಡನೆ ನುಗ್ಗಿ ಬಂದ. ಅವನ ಜೊತೆಯಲ್ಲಿ ಮದರಾಸಿನದೇ ಸವಾರರೂ ಇದ್ದರು. ಫಿರಂಗಿಯಿಂದ ಬಾಗಿಲು ಒಡೆದರು. ಅರಮನೆಯಲ್ಲಿ ಅಡಗಿದ್ದ ಸುಮಾರು ನೂರು ಸಿಪಾಯಿಗಳನ್ನು ಎಳೆದು ತಂದು ಗೋಡೆಗೆ ನಿಲ್ಲಿಸಿ, ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಂದರು. ಒಟ್ಟು ಮುನ್ನೂರೈವತ್ತರಷ್ಟು ಸಿಪಾಯಿಗಳು ಸತ್ತರೆಂದು ಲೆಕ್ಕ. ಆಮೇಲೆ ವಿಚಾರಣೆ ಮಾಡಿ ಆರು ಮಂದಿಯನ್ನು ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿದರು. ಅಪ್ಪಣೆಯನ್ನು ಹಿಂದೆಗೆದುಕೊಂಡರು, ಕ್ರಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ಇಂಗ್ಲೆಂಡಿಗೆ ಕರೆಸಿಕೊಂಡರು. ಮೂರು ಪಲ್ಟನುಗಳನ್ನು ವಿಸರ್ಜಿಸಿದರು.

ಆ ಗೋಡೆಗಳ ಕೆಳಗೆ ನಿಂತಾಗ ನಾನು ಯಾರ ವಾರಸುದಾರ ಎಂದು ಕೇಳಿಕೊಂಡೆ. ಹಣೆಯ ಗಂಧ ಅಳಿಸಲು ಒಪ್ಪದ ಸಿಪಾಯಿ ನನ್ನವನು. ಅವನು ಎದ್ದದ್ದು ನ್ಯಾಯಕ್ಕೆ. ನನ್ನ ಪಲ್ಟನಿನಲ್ಲಿ ಸರ್ವಧರ್ಮ ಸ್ಥಳವಿತ್ತು, ಪಂಡಿತ್‌ಜಿ, ಪಾದ್ರಿ, ಮೌಲ್ವಿ ಯಾರು ಬೇಕಾದರೂ ಅದರೊಳಗೆ ನಿಲ್ಲಬಹುದಿತ್ತು. ನಮ್ಮ ಕಮಾಂಡಿಂಗ್ ಆಫೀಸರ್ ಯಾವ ಧರ್ಮದವರಾದರೂ ಭಾನುವಾರದ ಮಂದಿರ್ ಪರೇಡಿನಲ್ಲಿ ಜವಾನರ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಆ ನೆಮ್ಮದಿಯ ಹಿಂದೆ ವೆಲ್ಲೂರಿನವರ ರಕ್ತದ ಪಾಲೂ ಉಂಟೆಂದು ನಾನು ನಂಬುತ್ತೇನೆ. ಆದರೆ ಜ್ವರದಲ್ಲಿ ಮಲಗಿದ್ದವನನ್ನು ಆಸ್ಪತ್ರೆಯ ಮಂಚದಲ್ಲಿ ಕೊಂದವನೂ ನನ್ನವನೇ. ಗಿಲೆಸ್ಪಿಯ ಜೊತೆ ಬಂದು ತನ್ನವರನ್ನು ಕಡಿದ ಮದರಾಸಿನ ಸವಾರನೂ ನನ್ನವನೇ. ಅವನೂ ಉಪ್ಪಿನ ಋಣ ತೀರಿಸಿದೆ ಎಂದೇ ತಿಳಿದಿದ್ದ.

ಎದುರಿನವರ ಕಥೆ ಕೇಳಿ. 1806ರಲ್ಲಿ 69ನೇ ರೆಜಿಮೆಂಟ್ ಇಂಗ್ಲೆಂಡಿನ ಲಿಂಕನ್‌ಶೈರಿನ ಹೆಸರಿನದು. 1881ರಲ್ಲಿ ಅದನ್ನು ವೇಲ್ಸ್ ನಾಡಿನ 41ನೇ ರೆಜಿಮೆಂಟಿಗೆ ಸೇರಿಸಿ ವೆಲ್ಷ್ ರೆಜಿಮೆಂಟ್ ಮಾಡಿದರು. 1969ರಲ್ಲಿ ಅದು ರಾಯಲ್ ರೆಜಿಮೆಂಟ್ ಆಫ್ ವೇಲ್ಸ್ ಆಯಿತು, 2006ರಲ್ಲಿ ರಾಯಲ್ ವೆಲ್ಷ್. ವೆಲ್ಲೂರಿನಲ್ಲಿ ಸತ್ತವರು ವೇಲ್ಸಿನ ನೆಲ ಕಂಡವರೋ ಅಲ್ಲವೋ, ಇವತ್ತು ಕಾರ್ಡಿಫಿನಲ್ಲಿ ಭರ್ತಿಯಾಗುವ ಹುಡುಗ ಅವರ ವಾರಸುದಾರ. ಅವರ ಧ್ಯೇಯವಾಕ್ಯ ವೆಲ್ಷ್ ಭಾಷೆಯಲ್ಲಿದೆ, ಅರ್ಥ ಮಾನಗೇಡಿಗಿಂತ ಸಾವು ಮೇಲು ಎಂದು. ನಮ್ಮದು ಸ್ವಧರ್ಮದಲ್ಲಿ ಸಾವು ಮೇಲು ಎಂದು. ಒಂದೇ ಕೋಟೆಯೊಳಗೆ ಒಬ್ಬರನ್ನೊಬ್ಬರು ಕೊಂದ ಎರಡು ಮನೆತನಗಳು ಇಷ್ಟು ಹತ್ತಿರದ ಮಾತನ್ನು ಇಟ್ಟುಕೊಂಡು ಬದುಕಿವೆ. ಆ ವೆಲ್ಷ್ ಹುಡುಗನಿಗೂ ನನ್ನ ಪ್ರಶ್ನೆಯೇ ಇದ್ದೀತು. ಗೋಡೆಗೆ ನಿಲ್ಲಿಸಿ ಕೊಂದ ನೂರು ಜನರಲ್ಲಿ ಅವನ ಪಾಲು ಎಷ್ಟು ಎಂದು.

ಇದೆಲ್ಲ ದೂರದ ಊರಿನ ಮಾತು ಎನ್ನುವಂತೆಯೂ ಇಲ್ಲ. 1837ರಲ್ಲಿ ಅಮರ ಸುಳ್ಯದಿಂದ ಹೊರಟ ರೈತರ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆ ಹಿಡಿಯಿತು. ಮಂಗಳೂರು ಮದರಾಸು ಪ್ರಾಂತ್ಯದ್ದು. ಅಲ್ಲಿ ಕಂಪೆನಿಯ ಪರ ಬಂದೂಕು ಹಿಡಿದವರು ಮದರಾಸು ಸೇನೆಯ ಸಿಪಾಯಿಗಳು. ಆಮೇಲೆ ಬಿಕರ್ನಕಟ್ಟೆಯಲ್ಲಿ ನಮ್ಮ ಬಂಟ್ವಾಳ ಕಡೆಯ ನಂದಾವರದ ಬಂಗರಸನನ್ನೂ ಇತರರನ್ನೂ ಗಲ್ಲಿಗೇರಿಸಿದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ್ದಾರೆ. ಮಂಗಳೂರಿಗೆ ಹೋದಾಗ ಅದರ ಎದುರು ನಿಂತು ಸೆಲ್ಯೂಟ್ ಮಾಡುತ್ತೇನೆ. ಊರಿನವನಾಗಿ ಮಾಡುವಾಗ ಕೈ ಸಲೀಸಾಗಿ ಏಳುತ್ತದೆ. ಮದ್ರಾಸ್ ರೆಜಿಮೆಂಟಿನವನಾಗಿ ಮಾಡುವಾಗ ಭಾರವಾಗುತ್ತದೆ.

ನಮ್ಮ ತೋಟದ ಆಚೆ ಒಬ್ಬರು ನಿವೃತ್ತ ಮಾಸ್ಟ್ರಿದ್ದಾರೆ. ಜೈನರು. ವೇಣೂರಿನ ಬಾಹುಬಲಿಗೆ ಪ್ರತಿ ಹುಣ್ಣಿಮೆಗೆ ಹೋಗುವವರು, ಮೂಡಬಿದಿರೆಯ ಬಸದಿಗಳ ಕಲ್ಲುಕಲ್ಲಿನ ಕಥೆ ಹೇಳಬಲ್ಲವರು. ಈ ವಿಷಯವನ್ನು ನಾನು ಮನಬಿಚ್ಚಿ ಮಾತಾಡಿದ್ದು ಅವರೊಬ್ಬರ ಹತ್ತಿರ. ಅವರ ಉತ್ತರ ಖಡಾಖಂಡಿತ.

“ಹವಾಲ್ದಾರ್ರೇ, ಕರ್ಮಕ್ಕೆ ವಾರಸುದಾರರಿಲ್ಲ. ಮಾಡಿದ ಜೀವಕ್ಕೇ ಅಂಟುವುದು. ಅಪ್ಪನದ್ದು ಮಗನಿಗೆ ಬರುವುದಿಲ್ಲ, ಮಗನದ್ದನ್ನು ಅಪ್ಪ ಹೊರಲಿಕ್ಕಾಗುವುದಿಲ್ಲ. ನಿಮ್ಮ ಕುಟುಂಬದ ತಪ್ಪು ಕಾಣಿಕೆಯೂ ನಮ್ಮ ಲೆಕ್ಕದಲ್ಲಿ ಬರಿಯ ನಂಬಿಕೆ. ನೀವು ಗುಂಡು ಹೊಡೆದದ್ದಕ್ಕೆ ನೀವು. ಅದರಲ್ಲೂ ಗೃಹಸ್ಥನಾದವನು ದೇಶ ಕಾಯಲಿಕ್ಕೆ ಮಾಡುವ ಹಿಂಸೆಗೆ ವಿರೋಧಿ ಹಿಂಸೆ ಎಂದು ಬೇರೆ ಲೆಕ್ಕ ಉಂಟು. ಚಾವುಂಡರಾಯ ಏನು? ಗಂಗರ ದಂಡನಾಯಕ. ಸಮರ ಪರಶುರಾಮ ಅಂತ ಬಿರುದು. ಅವನೇ ಅಲ್ವಾ ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು?”

ಆ ಮಾತು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರಿಗೆ ಕುಪ್ವಾರದ ಕಾಡಿನ ಒಂದು ರಾತ್ರಿಯನ್ನು ಹೇಳಿದೆ. ಗಡಿ ದಾಟಿ ಬಂದವರ ದಾರಿಯಲ್ಲಿ ನಮ್ಮ ಸೆಕ್ಷನ್ ಹೊಂಚು ಕೂತಿತ್ತು. ಸನ್ನೆ ಸಿಕ್ಕಿದಾಗ ಎಲ್ಲರೂ ಒಟ್ಟಿಗೆ ಹೊಡೆದೆವು. ಬೆಳಕಾದ ಮೇಲೆ ನೋಡಿದರೆ ಸತ್ತು ಬಿದ್ದವನು ಒಬ್ಬ. ಗಡ್ಡ ಸರಿಯಾಗಿ ಬಂದಿರದ ಪ್ರಾಯ. ಯಾರ ಗುಂಡು ಎಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಎಲ್ಲರ ಗುಂಡು ಎಂದೇ ಲೆಕ್ಕ. ಆ ಸಾವು ಯಾರಿಗೆ ಅಂಟುವುದು ಮಾಸ್ಟ್ರೇ? ಹೊಡೆಯಲು ಸನ್ನೆ ಮಾಡಿದ ಸಾಬ್‌ಗೆ, ತಾಗಿದ ಗುಂಡು ಯಾರದೋ ಅವನಿಗೆ, ಗುರಿ ತಪ್ಪಿದವನಿಗೆ, ಅಥವಾ ಹಿಂದೆ ಲಂಗರಿನಲ್ಲಿ ನಮಗೆ ರೊಟ್ಟಿ ಸುಟ್ಟವನಿಗೆ?

ಅವರು ಒಳಗೆ ಹೋಗಿ ತತ್ತ್ವಾರ್ಥಸೂತ್ರ ತಂದರು. ಉಮಾಸ್ವಾತಿಯ ಆ ಪುಸ್ತಕದ ಆರನೇ ಅಧ್ಯಾಯದಲ್ಲಿ ಕರ್ಮ ಹರಿದು ಬರುವ ದಾರಿಗಳ ಲೆಕ್ಕವಿದೆಯಂತೆ. ಮಾಡಬೇಕೆಂದು ನೆನೆಯುವುದು, ಅದಕ್ಕೆ ಸಾಧನ ಕೂಡಿಸುವುದು, ಶುರುಮಾಡುವುದು, ಇವು ಮೂರು. ಮನಸ್ಸು, ಮಾತು, ಮೈ, ಇವು ಮೂರು. ತಾನೇ ಮಾಡಿದ್ದು, ಇನ್ನೊಬ್ಬನಿಂದ ಮಾಡಿಸಿದ್ದು, ಇನ್ನೊಬ್ಬ ಮಾಡಿದ್ದನ್ನು ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮತ. ಇವಕ್ಕೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳನ್ನು ಗುಣಿಸಿದರೆ 108. “ಹಾಗಾಗಿ ನಿಮ್ಮ ಸೆಕ್ಷನಿನ ಎಲ್ಲರಿಗೂ ಅವರವರ ಮನಸ್ಸಿನ ಅಳತೆಯಷ್ಟು ಅಂಟಿತು. ಪಾಲು ಮಾಡುವುದು ಅಂತ ಇಲ್ಲ” ಎಂದರು.

ನನಗೆ ‘ಅನುಮತ’ದ ಹತ್ತಿರ ಕಾಲು ನಿಂತಿತು. ಇನ್ನೊಬ್ಬ ಮಾಡಿದ್ದನ್ನು ನಾನು ಮನಸ್ಸಾರೆ ಒಪ್ಪಿ ಮೆಚ್ಚಿದರೂ ಅದು ನನಗೆ ಅಂಟುತ್ತದೆ ಎಂದಾದರೆ, ಅಸ್ಸಾಯೆಯ ಆನೆ? ಆ ಯುದ್ಧ ಮರಾಠರ ವಿರುದ್ಧ ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ ನಡೆದದ್ದು. ಸತ್ತವರ ಮಕ್ಕಳ ಮಕ್ಕಳು ಇವತ್ತು ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿದ್ದಾರು. ಅವರ ಜೊತೆ ನಾನು ಒಂದೇ ಬಂಕರಿನಲ್ಲಿ ಚಾ ಕುಡಿದಿದ್ದೇನೆ. ನಾನು ಅಸ್ಸಾಯೆಯಲ್ಲಿ ಇರಲಿಲ್ಲ. ಆದರೂ ಆ ಆನೆಯನ್ನು ತಲೆಯ ಮೇಲೆ ಇಟ್ಟುಕೊಂಡು, ಬ್ರಾಸೋ ಹಾಕಿ ತಿಕ್ಕಿ ಹೊಳಪು ಕೊಟ್ಟು, ಗಣರಾಜ್ಯದ ದಿನ ಎದೆ ಉಬ್ಬಿಸಿ ನಡೆದೆ. ಇನ್ನೂರು ವರ್ಷದ ಹಿಂದಿನ ಗೆಲುವಿಗೆ ನಾನು ಕೊಟ್ಟ ಅನುಮತ ಅದು. ಆ ಒಪ್ಪಿಗೆಯ ದಾರಿಯಲ್ಲಿ ಕೀರ್ತಿ ಮಾತ್ರ ಬರಲಿ, ರಕ್ತ ಅಲ್ಲೇ ಉಳಿಯಲಿ ಎಂದರೆ ಆಗುವುದೇ?

ಮಾಸ್ಟ್ರು ಹಿಂಜರಿಯಲಿಲ್ಲ. “ಆಗುವುದಿಲ್ಲ. ಅದಕ್ಕೇ ಆ ಕೀರ್ತಿಯನ್ನೂ ಬಿಡಬೇಕು. ಮಾನವೂ ಒಂದು ಕಷಾಯ. ಬಾಹುಬಲಿ ಕಣ್ಣಿನ ಯುದ್ಧ, ನೀರಿನ ಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದವನು, ಒಂದು ಹನಿ ರಕ್ತ ಬೀಳಲಿಲ್ಲ. ರಾಜ್ಯ ಬಿಟ್ಟು ಬಂದು ಬಳ್ಳಿ ಹಬ್ಬುವವರೆಗೆ ನಿಂತ. ಆದರೂ ಜ್ಞಾನ ಆಗಲಿಲ್ಲ, ಯಾಕೆ? ಅಣ್ಣನ ನೆಲದಲ್ಲಿ ನಿಂತಿದ್ದೇನಲ್ಲಾ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಆನೆ ಬ್ಯಾಡ್ಜ್ ನಿಮ್ಮ ಮುಳ್ಳು ಹವಾಲ್ದಾರ್ರೇ.”

ಅವರ ಮಾತಿನಲ್ಲಿ ಎಲ್ಲಿಯೂ ಬಿರುಕು ಕಾಣುವುದಿಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವೇಣೂರಿನ ಮೂವತ್ತೈದು ಅಡಿಯ ಆ ಮೂರ್ತಿಯ ಎದುರು ನಿಂತರೆ ಅದು ಸತ್ಯವೆಂದು ಮೈಗೇ ಗೊತ್ತಾಗುತ್ತದೆ. 2024ರ ಮಹಾಮಸ್ತಕಾಭಿಷೇಕದಲ್ಲಿ ಆ ಮುಖದ ಮೇಲಿನಿಂದ ಅರಶಿನ ಇಳಿಯುವಾಗ ನಾನೂ ಕೈ ಮುಗಿದು ನಿಂತಿದ್ದೆ. ಗೆದ್ದವನು ಗೆಲುವನ್ನು ಬಿಟ್ಟ ಕ್ಷಣಕ್ಕೆ ಇಷ್ಟು ದೊಡ್ಡ ಮೂರ್ತಿ ಮಾಡಿದ ನಾಡು ನಮ್ಮದು ಎಂಬುದು ನನಗೆ ದೊಡ್ಡ ಸಂಗತಿ.

ಆದರೆ ನಾನು ಮಾನವನ್ನು ಬಿಡಲಾರೆ. ಹಟಕ್ಕೆ ಹೇಳುವುದಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿ, ಎದುರಿನ ಗುಡ್ಡದಿಂದ ಶೆಲ್ ಬೀಳುವಾಗ ಹುಡುಗರು ಪೋಸ್ಟ್ ಬಿಟ್ಟು ಓಡದೆ ನಿಲ್ಲುವುದು ಯಾವುದರಿಂದ? ಸಂಬಳದಿಂದ ಅಲ್ಲ. ಆ ಹೊತ್ತಿಗೆ ದೇಶ ಎಂಬ ದೊಡ್ಡ ಮಾತು ಕೂಡ ಬಹಳ ದೂರ ಇರುತ್ತದೆ. ಪಕ್ಕದವನ ಎದುರು, ಪಲ್ಟನಿನ ಹೆಸರಿನ ಎದುರು ಮಾನ ಹೋಗಬಾರದು ಎಂಬುದೇ ಅವನನ್ನು ನಿಲ್ಲಿಸುವುದು. ವೇಲ್ಸಿನವರ ಧ್ಯೇಯವಾಕ್ಯ ಅದನ್ನೇ ಹೇಳುತ್ತದೆ. ಮಾನ ಬಿಟ್ಟ ಪಲ್ಟನ್ ಒಂದು ರಾತ್ರಿಯೂ ನಿಲ್ಲದು, ಅದು ನಿಲ್ಲದಿದ್ದರೆ ಹಿಂದಿನ ಹಳ್ಳಿಗಳೂ ನಿಲ್ಲವು. ಬಾಹುಬಲಿಯ ದಾರಿ ಸತ್ಯ. ಆದರೆ ಅದು ರಾಜ್ಯ ಬಿಟ್ಟವನ ದಾರಿ. ಕಾವಲಿಗೆ ನಿಂತವನು ಮಾನವನ್ನು ಇಟ್ಟುಕೊಂಡೇ ನಿಲ್ಲಬೇಕು. ಹಾಗೆ ಇಟ್ಟುಕೊಂಡ ಮೇಲೆ ಅದರ ಬೆನ್ನಿಗೆ ಬರುವ ಋಣವನ್ನು ಬೇರೆಯವರ ತಲೆಗೆ ಹಾಕುವಂತಿಲ್ಲ. ಎರಡನ್ನೂ ಇಳಿಸಿದವನು ಮುಕ್ತ. ನಾನು ಒಂದನ್ನೂ ಇಳಿಸಿಲ್ಲ, ಹಾಗಾಗಿ ಎರಡೂ ನನ್ನವು.

ಸ್ವಾತಂತ್ರ್ಯದ ನಂತರ ನಮ್ಮ ಸೇನೆ ಒಂದು ಕೆಲಸ ಮಾಡಿತು. ಮೈಸೂರು, ಶ್ರೀರಂಗಪಟ್ಟಣ ಮೊದಲಾಗಿ ನಮ್ಮವರನ್ನೇ ಸೋಲಿಸಿ ಗಳಿಸಿದ ಯುದ್ಧಗೌರವಗಳನ್ನು ಆಚರಣೆಯಿಂದ ಬದಿಗಿಟ್ಟಿತು. ಅದು ಸರಿ. ಅನುಮತವನ್ನು ಹಿಂದೆಗೆದುಕೊಳ್ಳುವುದು ಎಂದರೆ ಇದೇ. ಆದರೆ ನಮ್ಮ ದೈವದ ಕಟ್ಟಳೆಯಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ದೈವ ನುಡಿ ಕೊಡುವಾಗ ಮೊದಲು ತಪ್ಪನ್ನು ಹತ್ತು ಜನರೆದುರು ಬಾಯಿಬಿಟ್ಟು ಹೇಳಿಸುತ್ತದೆ, ಕಾಣಿಕೆ ಆಮೇಲೆ. ಹೇಳದೆ ಇಟ್ಟ ಕಾಣಿಕೆಯನ್ನು ಮುಟ್ಟುವುದಿಲ್ಲ. ಬದಿಗಿಟ್ಟದ್ದು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಮರೆತದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನು ನಮ್ಮ ಅಂಗಳದ ಆ ಹೆಸರಿಲ್ಲದವನಿಂದ ನಾವು ಕಲಿತಿದ್ದೇವೆ.

ಆಟಿ ತಿಂಗಳಲ್ಲಿ ನಾವು ಕುಲೆಗಳಿಗೆ ಬಡಿಸುತ್ತೇವೆ. ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಇಟ್ಟು, ಬಾಗಿಲು ಮುಂದಕ್ಕೆ ಮಾಡಿ ಹೊರಗೆ ನಿಲ್ಲುತ್ತೇವೆ. ವೆಲ್ಲೂರಿನಿಂದ ಬಂದ ವರ್ಷ ನಾನು ಇನ್ನೊಂದು ಎಲೆ ಹಾಕುತ್ತೇನೆ ಎಂದೆ. ವಿಸರ್ಜಿಸಿದ ಆ ಮೂರು ಪಲ್ಟನುಗಳ ಹೆಸರು ಹೇಳಿಕೊಳ್ಳಲು ಇವತ್ತು ಯಾರೂ ಇಲ್ಲ. 69ನೆಯವರ ರೋಗಿಗಳಿಗೆ ಇಲ್ಲಿ ಯಾರೂ ಇಲ್ಲ. ಮನೆಯಾಕೆ ಬೇಡವೆಂದಳು. ಪರರ ಕುಲೆಗಳನ್ನು ಒಳಗೆ ಕರೆಯಬಾರದು, ಮಕ್ಕಳು ಮರಿ ಇರುವ ಮನೆ ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ತೋಟದ ಬದಿಯ ಹಲಸಿನ ಮರದ ಬುಡದಲ್ಲಿ ಹಾಕುತ್ತೇನೆ. ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಎರಡು ಎಲೆ. ಎರಡನೇ ಎಲೆಗೆ ಬ್ರೆಡ್ಡೂ ಇಡುತ್ತೇನೆ. ಏನೇನು ನಡೆಯಿತೆಂದು ಗಟ್ಟಿಯಾಗಿ ಹೇಳಿಯೇ ಇಡುತ್ತೇನೆ. ಮಾಸ್ಟ್ರು ಒಮ್ಮೆ ಬಂದು ನೋಡಿ, “ಅವರಿಗೆ ಮುಟ್ಟುವುದಿಲ್ಲ, ನಿಮಗೆ ಮುಟ್ಟುತ್ತದೆ. ನಮ್ಮಲ್ಲಿ ಪ್ರತಿಕ್ರಮಣ ಅಂತ ಉಂಟು, ಹೆಚ್ಚುಕಡಿಮೆ ಇದೇ” ಎಂದರು. ಅವರಿಗೆ ಮುಟ್ಟುತ್ತದೆಂದು ನಾನು ನಂಬಿದ್ದೇನೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವವರಲ್ಲ.

ಈಚೆಗೆ ಸಂಗಬೆಟ್ಟು ಕಡೆಯ ಹುಡುಗನೊಬ್ಬ ಅಗ್ನಿವೀರನಾಗಿ ಆಯ್ಕೆಯಾಗಿ ವೆಲ್ಲಿಂಗ್ಟನ್ನಿಗೆ ಹೊರಟವನು ಮಾತಾಡಿಸಲು ಬಂದಿದ್ದ. ಅಸ್ಸಾಯೆ ಹೇಳಿದೆ, 1941 ಹೇಳಿದೆ, ವೆಲ್ಲೂರು ಹೇಳಿದೆ, ಬಾವುಟಗುಡ್ಡೆ ಹೇಳಿದೆ. ಕೇಳಿ ಆದ ಮೇಲೆ ಅವನೆಂದ: “ಮಾಮ, ನನ್ನದು ನಾಲ್ಕೇ ವರ್ಷ. ಇಷ್ಟೆಲ್ಲ ನನಗೂ ಬರ್ತದಾ?”

ಅದು ನಾನು ಯೋಚಿಸಿರದ ಪ್ರಶ್ನೆ. ನಾಲ್ಕು ವರ್ಷಕ್ಕೆ ಸೇರಿ ಪೆನ್ಶನ್ ಇಲ್ಲದೆ ಹೊರಗೆ ಬರುವವನಿಗೆ ಕುಟುಂಬದ ಹೊಣೆ ಎಷ್ಟು? ಕುಟುಂಬವೇ ಅವನನ್ನು ಪೂರ್ತಿ ಒಳಗೆ ಕರೆದುಕೊಳ್ಳದಿದ್ದರೆ ಅದರ ಋಣವನ್ನು ಅವನ ಹೆಗಲಿಗೆ ಹಾಕುವುದು ನ್ಯಾಯವೇ? ಆದರೆ ಅವನೂ ಅದೇ ಪ್ರಮಾಣ ಮಾಡುವವನು, ಅದೇ ಆನೆಯನ್ನು ಇಡುವವನು. ಗುಂಡು ತಾಗಿದರೆ ನಾಲ್ಕು ವರ್ಷದವನು ಎಂದು ಅದು ಬಿಡುವುದಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ಬ್ಯಾಡ್ಜ್ ಇಟ್ಟುಕೊಂಡು ಕನ್ನಡಿ ನೋಡಿದಾಗ ನಿನಗೆ ಖುಷಿ ಆಗ್ತದೆ. ಆ ಖುಷಿ ಆದ ದಿನದಿಂದ ಬರ್ತದೆ ಮಗ. ಆಗದಿದ್ದರೆ ಬರುವುದಿಲ್ಲ.

ಅವನು ತಲೆ ಆಡಿಸಿದ. ರಜೆಯಲ್ಲಿ ಬರುವಾಗ ಆ ಕೋಟೆ ನೋಡಬಹುದಾ ಎಂದು ಕೇಳಿದ. ಕೊಯಮತ್ತೂರಿನಲ್ಲಿ ಚೆನ್ನೈ ಕಡೆಯ ಗಾಡಿ ಹತ್ತು, ಕಾಟ್ಪಾಡಿಯಲ್ಲಿ ಇಳಿ, ಅಲ್ಲಿಂದ ವೆಲ್ಲೂರಿಗೆ ಬಸ್ಸು ಬೇಕಾದಷ್ಟು ಉಂಟು ಎಂದು ಅವನ ಫೋನಿನಲ್ಲಿ ಬರೆಸಿದೆ.